ಸೌಮ್ಯತೆಯ ಸಾಧಕ ಫ್ರಾನ್ಸಿಸ್ ಡಿ ಸೇಲ್ಸ್

ಸೌಮ್ಯಸ್ವಭಾವವು ಕೆಲವರಿಗೆ ಹುಟ್ಟಿನೊಡನೆ ಬಂದಿರುತ್ತದೆ. ಅಂಥವರನ್ನು ಕಂಡರೆ ನಮಗೆ ಪ್ರೀತಿಯುಂಟಾಗುವುದು ಸಹಜ. ಆದರೆ ಅವರ ಸೌಮ್ಯತೆಗಾಗಿ ಅವರನ್ನು ಹೊಗಳಬೇಕಾದ ಕಾರಣವೇನೂ ಇಲ್ಲ. ಮಲ್ಲಿಗೆಯು ಕಂಪು ಬೀರಿದರೆ ಅದು ಮಲ್ಲಿಗೆಯ ಸಾಧನೆಯಲ್ಲ. ಇನ್ನು ಕೆಲವರು ಮೂಗಿನ ತುದಿಯಲ್ಲಿ ಕೋಪವನ್ನಿಟ್ಟುಕೊಂಡೇ ಹುಟ್ಟಿದವರು. ಅವರಲ್ಲೊಬ್ಬನು ಲೋಕದ ಕಣ್ಣಿಗೆ ಸೌಮ್ಯತೆಯ ಮೂರ್ತಿಯಾಗಿ ಕಾಣಿಸಿದನೆಂದರೆ, ಆ ಎರಡು ಸ್ಥಿತಿಗಳ ನಡುವೆ ಏನು ನಡೆದಿರಬೇಕು ಎಂದು ತಿಳಿಯುವ ಕುತೂಹಲ ನಮಗುಂಟಾಗುತ್ತದೆ. ಜಿನೀವದ ಬಿಷಪ್ ಎಂದು ಹೆಸರಾದ, ಆದರೆ ಜಿನೀವ ನಗರದಲ್ಲಿ ಒಂದು ದಿನವೂ ಬಿಷಪ್ಪನಾಗಿ ವಾಸಿಸಲಾರದೆ ಹೋದ, ಫ್ರಾನ್ಸಿಸ್ ಡಿ ಸೇಲ್ಸನು ಈ ಎರಡನೆಯ ವರ್ಗಕ್ಕೆ ಸೇರಿದವನು.

ಕ್ರೈಸ್ತ ಧರ್ಮದಲ್ಲಿ ಸೌಮ್ಯತೆಗಿರುವ ಸ್ಥಾನವು ದೊಡ್ಡದು. ಯೇಸುವು ತನ್ನ ಪರ್ವತ ಪ್ರಸಂಗದಲ್ಲಿ ಭೂಮಿಗೆ ಬಾಧ್ಯಸ್ಥರೆಂದು ಹೇಳಿದ್ದು ಶೂರರನ್ನಲ್ಲ, ಸೌಮ್ಯರನ್ನು. ತನ್ನಿಂದ ಕಲಿಯಿರಿ ಎಂದು ಶಿಷ್ಯರನ್ನು ಕರೆದಾಗಲೂ ಆತನು ಮುಂದಿಟ್ಟದ್ದು ಪವಾಡಗಳನ್ನಲ್ಲ, ತನ್ನ ಹೃದಯದ ಸಾತ್ವಿಕತೆಯನ್ನು. ಕನ್ನಡ ಬೈಬಲಿನ ಅನುವಾದಕರು ಇದಕ್ಕೆ ಶಾಂತ, ಸಾತ್ವಿಕ, ವಿನಯಶೀಲ ಎಂದು ಬೇರೆ ಬೇರೆ ಪದಗಳನ್ನು ಬಳಸಿದ್ದಾರೆ. ಮೂಲದ ಗ್ರೀಕ್ ಪದವನ್ನು ಆ ಜನರು ಪಳಗಿಸಿದ ಕುದುರೆಯ ವಿಷಯದಲ್ಲಿಯೂ ಆಡುತ್ತಿದ್ದರು. ಪಳಗಿದ ಕುದುರೆಯು ಬಲವನ್ನು ಕಳೆದುಕೊಂಡ ಕುದುರೆಯಲ್ಲ. ಅದರ ಬಲಕ್ಕೆ ಒಂದು ಕಡಿವಾಣ ಒದಗಿದೆ, ಅಷ್ಟೆ. ಫ್ರಾನ್ಸಿಸನ ಚರಿತ್ರೆಯನ್ನು ಓದುವಾಗ ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅನುಕೂಲ.

ಆತನು ಹುಟ್ಟಿದ್ದು 1567ನೆಯ ಇಸವಿ ಆಗಸ್ಟ್ 21ರಂದು, ಸವಾಯ್ ಸಂಸ್ಥಾನದ ತೊರಾನ್ ಎಂಬಲ್ಲಿ ತನ್ನ ಮನೆತನಕ್ಕೆ ಸೇರಿದ ಕೋಟೆಮನೆಯಲ್ಲಿ. ಇಂದು ಫ್ರಾನ್ಸಿಗೆ ಸೇರಿರುವ ಆ ಪ್ರದೇಶವು ಅಂದು ಡ್ಯೂಕನೊಬ್ಬನ ಆಳ್ವಿಕೆಯಲ್ಲಿದ್ದ ಸ್ವತಂತ್ರ ನಾಡು. ಆಲ್ಪ್ಸ್ ಪರ್ವತಗಳ ಮಡಿಲು. ತಂದೆ ಕತ್ತಿ ಹಿಡಿದ ವಂಶದ ಸರದಾರ. ಫ್ರಾನ್ಸಿಸನು ಹಿರಿಯ ಮಗ. ಹುಡುಗನಿಗೆ ಬೇಗ ಸಿಟ್ಟು ಬರುತ್ತಿತ್ತು. ಮನೆಗೆ ಅನ್ಯಮತದವನೊಬ್ಬನು ಅತಿಥಿಯಾಗಿ ಬಂದನೆಂದು ತಿಳಿದು, ಅವನ ಮುಂದೆ ಹೋಗಲು ಅಪ್ಪಣೆ ದೊರೆಯದಿದ್ದಾಗ, ಕೋಲನ್ನೆತ್ತಿಕೊಂಡು ಕೋಳಿಗಳ ಮೇಲೆ ಬಿದ್ದು ಅವುಗಳನ್ನೇ ಪಾಷಂಡಿಗಳೆಂದು ಬಡಿದನೆಂಬ ಕಥೆಯನ್ನು ಹಳೆಯ ಚರಿತ್ರಕಾರರು ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಮುಂದೆ ಆತನು ಆ ಮತದವರ ನಡುವೆಯೇ ನಾಲ್ಕು ವರ್ಷ ಬಾಗಿಲು ಬಾಗಿಲು ತಿರುಗಿದನೆಂಬುದನ್ನು ನೆನೆದರೆ ಆ ಕೋಳಿಗಳ ಮೇಲೆ ಕನಿಕರವೂ ನಗೆಯೂ ಒಟ್ಟಿಗೆ ಬರುತ್ತವೆ.

ಹದಿಹರೆಯದಲ್ಲಿ ಆತನನ್ನು ಪ್ಯಾರಿಸ್ಸಿಗೆ ಕಳುಹಿಸಿದರು. ಅಲ್ಲಿ ಜೆಸ್ಯುಯಿಟರ ಕ್ಲೆರ್ಮಾಂಟ್ ವಿದ್ಯಾಲಯದಲ್ಲಿ ಅಲಂಕಾರಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಕಲಿತನು. ಸರದಾರನ ಮಗನಿಗೆ ತಕ್ಕಂತೆ ಕುದುರೆ ಸವಾರಿ, ಕತ್ತಿವರಸೆ, ನೃತ್ಯಗಳೂ ನಡೆದವು. ಆದರೆ 1586ರ ಕೊನೆಯಲ್ಲಿ ಆತನ ಮನಸ್ಸಿನ ಮೇಲೆ ಒಂದು ಕಾರ್ಮೋಡ ಕವಿಯಿತು. ಯಾರು ರಕ್ಷಣೆ ಹೊಂದಬೇಕು, ಯಾರು ನರಕಕ್ಕೆ ಹೋಗಬೇಕು ಎಂಬುದು ದೇವರಿಂದ ಮೊದಲೇ ನಿಶ್ಚಯವಾಗಿದೆಯೆಂಬ ವಾದವು ಆ ಕಾಲದಲ್ಲಿ ವಿದ್ವಾಂಸರ ಬಾಯಲ್ಲೆಲ್ಲ ಇತ್ತು. ತಾನು ನರಕಕ್ಕೆ ಗುರುತಾದವನೆಂಬ ಭಯವು ಆ ತರುಣನನ್ನು ಹಿಡಿಯಿತು. ಆರು ವಾರಗಳ ಕಾಲ ಊಟ ಸೇರಲಿಲ್ಲ, ನಿದ್ರೆ ಹತ್ತಲಿಲ್ಲ, ಮೈ ಬಣ್ಣಗೆಟ್ಟಿತು. ಕೊನೆಗೊಂದು ದಿನ ಸಂತ ಸ್ತೇಫನನ ಹೆಸರಿನ ಒಂದು ಚರ್ಚನ್ನು ಹೊಕ್ಕು, ಅಲ್ಲಿದ್ದ ಕಪ್ಪು ಮಾತೆಯ ಪ್ರತಿಮೆಯ ಮುಂದೆ ಮೊಣಕಾಲೂರಿದನು. ಪರಲೋಕದಲ್ಲಿ ತನಗೆ ದೇವರನ್ನು ಪ್ರೀತಿಸುವ ಭಾಗ್ಯವಿಲ್ಲದಿದ್ದರೆ ಇಹಲೋಕದಲ್ಲಾದರೂ ಪೂರ್ಣವಾಗಿ ಪ್ರೀತಿಸುವೆನೆಂದು ಸಂಕಲ್ಪ ಮಾಡಿದನು. ಭಯವು ಅಲ್ಲಿಗೆ ಕಳಚಿಬಿತ್ತು. ಆತನ ಮುಂದಿನ ಬಾಳಿನ ಬೀಗದ ಕೈ ಇಲ್ಲಿದೆಯೆಂದು ನನಗೆ ತೋರುತ್ತದೆ. ತನ್ನನ್ನೇ ದ್ವೇಷಿಸಿ ನರಳಿದವನು ಆ ನರಳಿಕೆಯಿಂದ ಬಿಡುಗಡೆ ಹೊಂದಿದ ಮೇಲೆ, ಇನ್ನೊಬ್ಬರನ್ನು ಹೆದರಿಸಿ ದೇವರ ಕಡೆಗೆ ಅಟ್ಟುವ ಬುದ್ಧಿಯನ್ನು ಬಿಟ್ಟುಬಿಡುತ್ತಾನೆ.

ಅಲ್ಲಿಂದ ಇಟಲಿಯ ಪಡುವಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಕಾನೂನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಊರಿಗೆ ಮರಳಿದನು. ತಂದೆಯು ಮಗನಿಗೆ ನ್ಯಾಯಸಭೆಯ ಸದಸ್ಯತ್ವವನ್ನೂ, ಒಳ್ಳೆಯ ಮನೆತನದ ಹೆಣ್ಣನ್ನೂ ಗೊತ್ತುಮಾಡಿಟ್ಟಿದ್ದನು. ಮಗನು ಎರಡನ್ನೂ ಒಲ್ಲೆನೆಂದನು. ಅಬ್ಬರಿಸದೆ, ಎದುರು ನುಡಿಯದೆ, ಆದರೆ ಕೂದಲೆಳೆಯಷ್ಟೂ ಕದಲದೆ ಒಲ್ಲೆನೆಂದನು. ಸೌಮ್ಯರ ಈ ಹಟವು ಸಿಡುಕರ ಹಟಕ್ಕಿಂತ ಗಟ್ಟಿಯಾದುದು. ಮನೆಯ ಹಿರಿಯರಿಗೆ ಇದನ್ನು ಎದುರಿಸುವ ಉಪಾಯವೇ ತಿಳಿಯುವುದಿಲ್ಲ. 1593ರ ಡಿಸೆಂಬರಿನಲ್ಲಿ ಫ್ರಾನ್ಸಿಸನು ಗುರುದೀಕ್ಷೆಯನ್ನು ಪಡೆದನು.

ಮರುವರ್ಷವೇ ಪರೀಕ್ಷೆ ಒದಗಿತು. ಜಿನೀವ ಸರೋವರದ ತೆಂಕಣ ದಡದಲ್ಲಿರುವ ಶಾಬ್ಲೆ ಪ್ರಾಂತವು ಸುಮಾರು ಅರವತ್ತು ವರ್ಷಗಳ ಹಿಂದೆ ಬರ್ನ್ ನಗರದವರ ಕೈಗೆ ಸಿಕ್ಕಿ ಪ್ರಾಟೆಸ್ಟೆಂಟ್ ಮತವನ್ನು ಅವಲಂಬಿಸಿತ್ತು. ಅದು ಮತ್ತೆ ಸವಾಯ್ ಡ್ಯೂಕನ ವಶಕ್ಕೆ ಬಂದಿತಾದರೂ ಯುದ್ಧಗಳಿಂದ ಹಣ್ಣಾಗಿತ್ತು. ಅಲ್ಲಿಗೆ ಹೋಗಿ ಕಥೋಲಿಕ ಧರ್ಮವನ್ನು ಮತ್ತೆ ಬೋಧಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಫ್ರಾನ್ಸಿಸನು ತಾನಾಗಿ ಮುಂದೆ ಬಂದನು. ತಂದೆ ಬೇಡವೆಂದು ಗೋಳಾಡಿದನು. 1594ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸನೂ ಅವನ ದಾಯಾದಿಯಾದ ಲೂಯಿಯೂ ಕಾಲ್ನಡಿಗೆಯಲ್ಲಿ ಹೊರಟರು.

ಆಲಾಂಜ್ ಎಂಬ ಬೆಟ್ಟದ ಕೋಟೆಯಲ್ಲಿ ಡ್ಯೂಕನ ಸಿಪಾಯಿಗಳಿದ್ದರು. ರಾತ್ರಿ ಮಲಗಲು ಅಲ್ಲಿಗೆ ಹೋಗಬೇಕು. ಬೆಳಗಾದರೆ ತೊನೊಂ ಪಟ್ಟಣಕ್ಕೆ ಇಳಿಯಬೇಕು. ಪಟ್ಟಣದಲ್ಲಿ ಕಥೋಲಿಕರು ಬೆರಳೆಣಿಕೆಯಷ್ಟು. ಆತನ ಪ್ರಸಂಗಕ್ಕೆ ಬಂದರೆ ನೆರೆಹೊರೆಯವರು ಏನೆಂದಾರೋ ಎಂದು ಉಳಿದವರು ಮನೆಯ ಬಾಗಿಲು ಹಾಕಿಕೊಂಡರು. ಹಿಮ ಬೀಳುವ ಚಳಿಗಾಲ, ತೋಳಗಳ ಕಾಟ, ಒಂದು ರಾತ್ರಿ ಮರವನ್ನೇರಿ ಮೈಯನ್ನು ಕೊಂಬೆಗೆ ಕಟ್ಟಿಕೊಂಡು ಕಳೆದನೆಂಬುದೂ ಚರಿತ್ರೆಗಳಲ್ಲಿ ಬರುತ್ತದೆ. ಪ್ರಾಣ ತೆಗೆಯಲು ಹೊಂಚುಹಾಕಿದವರೂ ಇದ್ದರು. ಕೇಳುವವರು ಬರದಿದ್ದಾಗ ಆತನಿಗೊಂದು ಉಪಾಯ ಹೊಳೆಯಿತು. ಹೇಳಬೇಕಾದುದನ್ನು ಕಾಗದದ ಮೇಲೆ ಬರೆದು, ಪ್ರತಿಗಳನ್ನು ಮಾಡಿಸಿ, ಮನೆಗಳ ಬಾಗಿಲ ಸಂದಿಯಲ್ಲಿ ತೂರಿಸತೊಡಗಿದನು. ಎದುರಿಗೆ ನಿಂತು ಕೇಳಲು ಅಂಜಿದವರು ಒಳಗೆ ಕುಳಿತು ಓದಿದರು. ಆ ಹಾಳೆಗಳು 1672ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. 1923ರಲ್ಲಿ ಹನ್ನೊಂದನೆಯ ಪೋಪ್ ಪಯಸ್ ಫ್ರಾನ್ಸಿಸನನ್ನು ಪತ್ರಕರ್ತರ ಹಾಗೂ ಲೇಖಕರ ಪಾಲಕ ಸಂತನೆಂದು ಸಾರಿದ್ದಕ್ಕೆ ಈ ಹಾಳೆಗಳೂ ಕಾರಣ. ಅನ್ಯರ ಮತವನ್ನು ಖಂಡಿಸುವಾಗಲೂ ಅವರ ಮಾನವನ್ನು ಖಂಡಿಸಬಾರದೆಂಬ ನಿಯಮವನ್ನು ಪತ್ರಿಕೆಗಳಲ್ಲಿ ಬರೆಯುವ ನಾವು ಎಷ್ಟರಮಟ್ಟಿಗೆ ಪಾಲಿಸುತ್ತಿದ್ದೇವೆ ಎಂಬುದನ್ನು ಓದುಗರೇ ಹೇಳಬೇಕು.

1597ರಲ್ಲಿ ಆತನು ಜಿನೀವಕ್ಕೆ ಹೋಗಿ, ಕ್ಯಾಲ್ವಿನನ ಉತ್ತರಾಧಿಕಾರಿಯಾದ ತಿಯೊಡೋರ್ ಬೇಝಾನನ್ನು ಕಂಡನು. ಬೇಝಾ ಆಗ ಎಂಬತ್ತರ ಸಮೀಪದ ವೃದ್ಧ, ಫ್ರಾನ್ಸಿಸನಿಗೆ ಮೂವತ್ತು. ಆ ಕಾಲದ ಮತವಾದಗಳು ಬೈಗುಳದಲ್ಲಿ ಆರಂಭವಾಗಿ ಕೆಲವು ವೇಳೆ ಬೆಂಕಿಯಲ್ಲಿ ಮುಗಿಯುತ್ತಿದ್ದವು. ಈ ಇಬ್ಬರು ಮಾತ್ರ ಹಲವು ಸಲ ಸೇರಿ ಮರ್ಯಾದೆಯಿಂದ ಮಾತನಾಡಿದರು. ಬೇಝಾ ತನ್ನ ಮತವನ್ನು ಬಿಡಲಿಲ್ಲ. ಕಾರ್ಯದ ದೃಷ್ಟಿಯಿಂದ ಈ ಭೇಟಿಗಳು ನಿಷ್ಫಲವೇ. ಆದರೂ ಕಿರಿಯನು ಹಿರಿಯನನ್ನು ಗೌರವದಿಂದಲೇ ಬೀಳ್ಕೊಂಡನು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಶಾಬ್ಲೆಯ ಜನ ಕಥೋಲಿಕ ಧರ್ಮಕ್ಕೆ ಮರಳಿದ್ದು ಕೇವಲ ಫ್ರಾನ್ಸಿಸನ ಸವಿನುಡಿಗಳಿಂದಲೇ ಎಂದು ಭಕ್ತರು ಬರೆಯುವುದುಂಟು. ಹಾಗಲ್ಲ. ಮೊದಲ ಎರಡು ವರ್ಷಗಳಲ್ಲಿ ಬದಲಾದವರು ಕೆಲವರೇ. 1598ರಲ್ಲಿ ಡ್ಯೂಕ್ ಚಾರ್ಲ್ಸ್ ಇಮ್ಯಾನ್ಯುಯಲನು ಸ್ವತಃ ತೊನೊಂ ಪಟ್ಟಣಕ್ಕೆ ಬಂದು ತನ್ನ ಅಧಿಕಾರದ ಭಾರವನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದ ಮೇಲೆ ಜನರು ಸಾವಿರಗಟ್ಟಲೆಯಾಗಿ ಬಂದರು. ಪ್ರಾಟೆಸ್ಟೆಂಟ್ ಬೋಧಕರು ನಾಡನ್ನು ಬಿಡಬೇಕಾಯಿತು. ಆ ಮತದವರಿಗೆ ಅಧಿಕಾರಸ್ಥಾನಗಳು ತಪ್ಪಿದವು. ಇಂಥ ಕ್ರಮಗಳನ್ನು ಫ್ರಾನ್ಸಿಸನು ವಿರೋಧಿಸಲಿಲ್ಲ. ಕೆಲವನ್ನು ಡ್ಯೂಕನಿಗೆ ಬರೆದು ತಾನೇ ಕೇಳಿಕೊಂಡಿದ್ದನು. ಅರಸನ ಧರ್ಮವೇ ಪ್ರಜೆಯ ಧರ್ಮವೆಂಬುದು ಅಂದಿನ ಯೂರೋಪು ಒಪ್ಪಿದ್ದ ಮಾತು. ಜಿನೀವದವರೂ ತಮ್ಮ ಊರಿನಲ್ಲಿ ಕಥೋಲಿಕರಿಗೆ ಬೇರೆ ನ್ಯಾಯವನ್ನೇನೂ ಕೊಟ್ಟಿರಲಿಲ್ಲ. ಆದರೂ ಬಾಗಿಲ ಸಂದಿಯಲ್ಲಿ ಹಾಳೆ ತೂರಿಸುವವನ ಬೆನ್ನ ಹಿಂದೆ ಸಿಪಾಯಿಗಳಿದ್ದರೆಂಬುದು ಮರೆಯುವ ಸಂಗತಿಯಲ್ಲ. ಸೌಮ್ಯತೆಯು ಎದುರಿಗಿರುವ ಮನುಷ್ಯನನ್ನು ನೋಯಿಸದಿರಲು ಕಲಿತಷ್ಟು ಬೇಗ, ಕಣ್ಣಿಗೆ ಕಾಣದ ರಾಜಾಜ್ಞೆಯು ಮಾಡುವ ನೋವನ್ನು ಗುರುತಿಸಲು ಕಲಿಯುವುದಿಲ್ಲವೇನೋ.

1602ರ ಡಿಸೆಂಬರ್ 8ರಂದು, ತಾನು ಹುಟ್ಟಿದ ತೊರಾನ್ ಊರಿನ ಚರ್ಚಿನಲ್ಲಿಯೇ, ಆತನಿಗೆ ಬಿಷಪ್ ಪದವಿಯ ಅಭಿಷೇಕವಾಯಿತು. ಜಿನೀವ ನಗರವು ಆ ಹಿಂದೆಯೇ ಬಿಷಪ್ಪರನ್ನು ಹೊರಗಟ್ಟಿದ್ದುದರಿಂದ ಆನ್ಸಿ ಎಂಬ ಸಣ್ಣ ಪಟ್ಟಣವೇ ಅವರ ಪೀಠವಾಗಿತ್ತು. ಅದೇ ತಿಂಗಳ ಒಂದು ರಾತ್ರಿ ಡ್ಯೂಕನ ಸೈನ್ಯವು ಏಣಿಗಳನ್ನು ಹಾಕಿ ಜಿನೀವದ ಕೋಟೆಯನ್ನು ಹತ್ತಲು ಹೋಗಿ ಪೆಟ್ಟು ತಿಂದು ಹಿಂದಿರುಗಿತು. ಜಿನೀವದವರು ಇಂದಿಗೂ ಆ ರಾತ್ರಿಯನ್ನು ಹಬ್ಬವಾಗಿ ಆಚರಿಸುತ್ತಾರೆ. ಹೊಸ ಬಿಷಪ್ಪನು ಪ್ರೀತಿಯಿಂದ ಗೆಲ್ಲಬೇಕೆಂದಿದ್ದ ಊರಿನ ಬಾಗಿಲು ಹೀಗೆ ಆತನ ಅರಸನ ಏಣಿಗಳಿಂದಲೇ ಮುಚ್ಚಿಹೋಯಿತು. ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯು ಆತನನ್ನು ಮೆಚ್ಚಿ ತನ್ನ ರಾಜ್ಯದಲ್ಲಿ ಉಳಿಸಿಕೊಳ್ಳಲು ಬಯಸಿದನು. ಫ್ರಾನ್ಸಿಸನು ತನ್ನ ಬಡ ಧರ್ಮಪ್ರಾಂತವನ್ನು ಬಿಡಲಿಲ್ಲ.

ಆನ್ಸಿಯಲ್ಲಿ ಆತನ ದಿನಚರಿ ನೋಡಿದರೆ ಸೌಮ್ಯತೆಯು ಎಷ್ಟು ದುಡಿಮೆಯ ಗುಣವೆಂಬುದು ತಿಳಿಯುತ್ತದೆ. ಬಂದವರಿಗೆಲ್ಲ ಬಾಗಿಲು ತೆರೆದಿತ್ತು. ಕಾಗದಗಳಿಗೆ ಉತ್ತರ ಬರೆಯುವುದರಲ್ಲಿಯೇ ರಾತ್ರಿಗಳು ಕಳೆಯುತ್ತಿದ್ದವು. ಉಳಿದುಬಂದ ಕಾಗದಗಳೇ 2000ಕ್ಕೆ ಮೀರಿವೆ. ಮಾರ್ಟಿನ್ ಎಂಬ ಕಿವುಡು ಮೂಗನೊಬ್ಬನಿದ್ದನು. ಅಂಥವರಿಗೆ ಧರ್ಮಬೋಧೆ ಸಾಧ್ಯವಿಲ್ಲವೆಂದು ಅನೇಕರು ನಂಬಿದ್ದ ಕಾಲವದು. ಬಿಷಪ್ಪನು ಅವನನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಂಡು, ಕೈಸನ್ನೆಗಳನ್ನು ಕಲ್ಪಿಸಿಕೊಂಡು, ಅವನಿಗೆ ಪಾಠ ಹೇಳಿ ಪರಮಪ್ರಸಾದಕ್ಕೆ ಸಿದ್ಧಗೊಳಿಸಿದನು.

ಕೋಪವೇನೂ ಸತ್ತುಹೋಗಿರಲಿಲ್ಲ. ಸರದಾರನೊಬ್ಬನು ಬಂದು ಬಾಯಿಗೆ ಬಂದಂತೆ ಬೈದನು. ಫ್ರಾನ್ಸಿಸನು ಒಂದೂ ಮಾತನಾಡದೆ ನಿಂತಿದ್ದನು. ಒಲೆಯ ಮೇಲಿನ ಗಡಿಗೆಯ ನೀರಿನಂತೆ ತಲೆಯಲ್ಲಿ ರಕ್ತ ಕುದಿಯುತ್ತಿತ್ತೆಂದು ಇಂಥ ಸಂದರ್ಭವೊಂದರಲ್ಲಿ ಆತನೇ ಆಪ್ತರಲ್ಲಿ ಒಪ್ಪಿಕೊಂಡದ್ದುಂಟು. ಏಕೆ ಉತ್ತರ ಕೊಡಲಿಲ್ಲವೆಂದು ಕೇಳಿದವರಿಗೆ ಆತನು ಕೊಟ್ಟ ಕಾರಣ ಪ್ರಸಿದ್ಧವಾದುದು. ಇಪ್ಪತ್ತೆರಡು ವರ್ಷಗಳಿಂದ ಹನಿಹನಿಯಾಗಿ ಹೃದಯದ ಪಾತ್ರೆಯಲ್ಲಿ ಕೂಡಿಟ್ಟುಕೊಂಡ ಸ್ವಲ್ಪ ಸೌಮ್ಯತೆಯನ್ನು ಕಾಲು ಗಂಟೆಯಲ್ಲಿ ಚೆಲ್ಲಿಬಿಡಲು ಆತನಿಗೆ ಭಯವಾಗಿತ್ತಂತೆ. ವರ್ಷಗಳ ಲೆಕ್ಕವನ್ನು ಆತನು ಇಟ್ಟಿದ್ದನೆಂಬುದೇ ಸ್ವಾರಸ್ಯ. ಸಹಜವಾಗಿ ಸೌಮ್ಯರಾದವರು ಲೆಕ್ಕವಿಡುವುದಿಲ್ಲ.

ನೆರೆಯ ಬೆಲ್ಲೆ ಪ್ರಾಂತದ ಬಿಷಪ್ಪನಾದ ಕಾಮ್ಯು ಎಂಬ ತರುಣನು ಆತನ ಭಕ್ತ. ಈತನು ಒಂಟಿಯಾಗಿರುವಾಗಲೂ ಹೀಗೆಯೇ ಇರುತ್ತಾನೆಯೇ ಎಂಬ ಸಂಶಯದಿಂದ ಕಾಮ್ಯು ಗೋಡೆಯಲ್ಲಿ ತೂತು ಕೊರೆಯಿಸಿ ಇಣಿಕಿ ನೋಡಿದನಂತೆ! ನಾಲ್ಕು ಜನರೆದುರು ಹೇಗೋ ಒಳಗೂ ಹಾಗೆಯೇ. ಸ್ವಭಾವತಃ ಚುರುಕಾಗಿದ್ದ ಅದೇ ಕಾಮ್ಯು ತನ್ನ ಗುರುವಿನ ನಿಧಾನವಾದ ಪ್ರಸಂಗಶೈಲಿಯನ್ನು ಅನುಕರಿಸಲು ಹೋಗಿ ಕೇಳುವವರ ತಾಳ್ಮೆಯನ್ನೇ ಪರೀಕ್ಷಿಸಿದನು. ಫ್ರಾನ್ಸಿಸನು ಅವನನ್ನು ನಗೆಯಾಡಿ ತಿದ್ದಬೇಕಾಯಿತು.

ಸೌಮ್ಯತೆಯ ವಿಷಯದಲ್ಲಿ ಆತನು ಏನನ್ನು ಕಲಿತನೆಂಬುದಕ್ಕೆ 1609ರಲ್ಲಿ ಪ್ರಕಟವಾದ ಭಕ್ತಿಜೀವನ ಪ್ರವೇಶವೆಂಬ ಆತನ ಗ್ರಂಥವೇ ಸಾಕ್ಷಿ. ಸಂಸಾರದಲ್ಲಿರುವ ಬಂಧುವೊಬ್ಬಳಿಗೆ ಬರೆದುಕೊಟ್ಟ ಉಪದೇಶಗಳಿಂದ ಬೆಳೆದ ಪುಸ್ತಕವಿದು. ಮಠವನ್ನು ಸೇರದೆ, ಗಂಡ ಮಕ್ಕಳ ನಡುವೆ, ವ್ಯಾಪಾರ ಕಚೇರಿಗಳ ನಡುವೆ ಇದ್ದುಕೊಂಡೇ ಭಕ್ತಿಯು ಸಾಧ್ಯವೆಂಬುದು ಅದರ ತಿರುಳು. ಅಲ್ಲಿ ದೀನತೆಯ ಅಧ್ಯಾಯಗಳಾದ ಮೇಲೆ ಸೌಮ್ಯತೆಯ ಅಧ್ಯಾಯ ಬರುತ್ತದೆ. ಚರ್ಚಿನ ಅಭಿಷೇಕತೈಲವನ್ನು ಆಲಿವ್ ಎಣ್ಣೆಯೊಡನೆ ಸುಗಂಧದ ಮರದ ರಸವನ್ನು ಬೆರೆಸಿ ಮಾಡುತ್ತಾರೆ. ಎಲ್ಲ ದ್ರವಗಳ ಅಡಿಗೆ ಇಳಿಯುವ ಆ ರಸವು ದೀನತೆ. ಎಲ್ಲದರ ಮೇಲೆ ತೇಲುವ ಎಣ್ಣೆಯು ಸೌಮ್ಯತೆ ಎಂದು ಆತನು ಅರ್ಥ ಹೇಳುತ್ತಾನೆ. ನ್ಯಾಯವಾದ ಕೋಪವೆಂದು ಹೆಸರಿಟ್ಟು ಕೋಪವನ್ನು ಒಳಗೆ ಬಿಟ್ಟುಕೊಳ್ಳುವುದನ್ನೂ ಆತನು ಒಪ್ಪುವುದಿಲ್ಲ. ಹಾವು ತಲೆ ತೂರಿಸಿದರೆ ಮೈಯೆಲ್ಲ ಬಂದಂತೆಯೇ. ಆದರೆ ಓದುಗನನ್ನು ಬೆರಗುಗೊಳಿಸುವುದು ಅದರ ಮುಂದಿನ ಅಧ್ಯಾಯ. ನಮ್ಮ ಮೇಲೆಯೇ ನಾವು ಸೌಮ್ಯರಾಗಿರಬೇಕೆಂದು ಅದು ಬೋಧಿಸುತ್ತದೆ. ಕೋಪಿಸಿಕೊಂಡೆನಲ್ಲಾ ಎಂದು ತನ್ನ ಮೇಲೆ ತಾನೇ ಕೋಪಿಸಿಕೊಳ್ಳುವವನು ಆ ಎರಡನೆಯ ಕೋಪದಿಂದ ಮೊದಲನೆಯದಕ್ಕೆ ಮೇವು ಹಾಕುತ್ತಾನೆ. ಇದನ್ನು ಬರೆಯುವಾಗ ಪ್ಯಾರಿಸ್ಸಿನ ಆ ಆರು ವಾರಗಳು ಆತನ ನೆನಪಿಗೆ ಬಾರದಿರಲಿಲ್ಲ ಎಂದು ನಾವು ಊಹಿಸಬಹುದು.

ಈ ಉಪದೇಶವು ಒಂದು ಜೀವದಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ನೋಡಬೇಕಾದರೆ ಜೇನ್ ಡಿ ಶಾಂತಾಲಳ ಕಥೆಯನ್ನು ತಿಳಿಯಬೇಕು. ದಿಜೋನ್ ನಗರದ ಈ ಕುಲೀನ ಸ್ತ್ರೀಯ ಪತಿಯು 1601ರಲ್ಲಿ ಬೇಟೆಗೆ ಹೋದಾಗ ಮಿತ್ರನೊಬ್ಬನ ಕೈತಪ್ಪಿ ಹಾರಿದ ಗುಂಡಿನಿಂದ ತೀರಿಕೊಂಡನು. ಸಾಯುವ ಮೊದಲು ಅವನು ಆ ಮಿತ್ರನನ್ನು ಮನಸಾರೆ ಕ್ಷಮಿಸಿದನು. ಹೆಂಡತಿಗೆ ಅದು ಸಾಧ್ಯವಾಗಲಿಲ್ಲ. ನಾಲ್ಕು ಎಳೆಯ ಮಕ್ಕಳ ತಾಯಿ. ವಯಸ್ಸು ಮೂವತ್ತರ ಒಳಗೆ. ಆ ಮನುಷ್ಯನ ಹೆಸರು ಕೇಳಿದರೆ ಆಕೆಯ ಮೈ ನಡುಗುತ್ತಿತ್ತು. 1604ರ ತಪಸ್ಸು ಕಾಲದಲ್ಲಿ ಫ್ರಾನ್ಸಿಸನು ದಿಜೋನಿಗೆ ಪ್ರಸಂಗಕ್ಕೆ ಬಂದಾಗ ಆಕೆಯ ಪರಿಚಯವಾಯಿತು. ಮುಂದೆ ಕಾಗದಗಳ ಮೂಲಕ ಆತನು ಆಕೆಗೆ ಗುರುವಾದನು. ಗಂಡನನ್ನು ಕೊಂದವನನ್ನು ಕಾಣಬೇಕಾದ ಸಂದರ್ಭ ಬಂದಾಗ ಆಕೆ ಸಲಹೆ ಕೇಳಿದಳು. ಇಲ್ಲಿ ಬೇರೊಬ್ಬ ಗುರುವಾಗಿದ್ದರೆ ಕ್ಷಮಾಧರ್ಮದ ಮೇಲೆ ದೊಡ್ಡ ಪ್ರವಚನವನ್ನೇ ಮಾಡುತ್ತಿದ್ದನು. ಫ್ರಾನ್ಸಿಸನು ಹಾಗೆ ಮಾಡಲಿಲ್ಲ. ಆಕೆಯು ಆ ಭೇಟಿಯನ್ನು ತಾನಾಗಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ತಾನಾಗಿ ಒದಗಿ ಬಂದರೆ ಸೌಮ್ಯವಾದ, ಕರುಣೆಯ ಹೃದಯದಿಂದ ನಡೆದುಕೊಳ್ಳಬೇಕು. ಆಗ ಎದೆ ತಳಮಳಿಸುವುದೂ ರಕ್ತ ಕುದಿಯುವುದೂ ತನಗೆ ಗೊತ್ತು, ಅದರಿಂದ ಕೆಟ್ಟದ್ದೇನೂ ಆಗಲಿಲ್ಲ ಎಂಬ ಅಭಿಪ್ರಾಯವನ್ನು ಬರೆದನು. ರಕ್ತ ಕುದಿಯುವುದರ ಅರ್ಥ ಬರೆದವನಿಗೆ ತಿಳಿದಿತ್ತು. ಆಕೆ ಆ ಮನುಷ್ಯನನ್ನು ಕಂಡಳು. ಸುಲಭವಾಗಿರಲಿಲ್ಲ, ಆದರೆ ಕಾಲಕ್ರಮದಲ್ಲಿ ಅವನ ಮಗುವಿನ ಜ್ಞಾನಸ್ನಾನಕ್ಕೆ ಧರ್ಮಮಾತೆಯಾಗಿ ನಿಂತಳು.

1610ರ ಜೂನ್ 6ರಂದು ಇಬ್ಬರೂ ಸೇರಿ ಆನ್ಸಿಯಲ್ಲಿ ವಿಸಿಟೇಷನ್ ಎಂಬ ಸನ್ಯಾಸಿನಿಯರ ಸಂಘವನ್ನು ಸ್ಥಾಪಿಸಿದರು. ಕಠಿಣವಾದ ಉಪವಾಸ, ಬರಿಗಾಲ ನಡಿಗೆಗಳನ್ನು ತಾಳಲಾರದ ವಿಧವೆಯರು, ದುರ್ಬಲ ಶರೀರದವರು, ಬೇರೆ ಮಠಗಳು ಬೇಡವೆಂದವರು ಇಲ್ಲಿ ಸೇರಬಹುದಾಗಿತ್ತು. ಸೋದರಿಯರು ಊರಿನ ಬಡವರ, ರೋಗಿಗಳ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುತ್ತಿದ್ದರು. ಆದರೆ ಲಿಯಾನ್ ನಗರದ ಆರ್ಚ್‌ಬಿಷಪ್ಪನು ಇದನ್ನು ಒಪ್ಪದೆ, ಸನ್ಯಾಸಿನಿಯರೆಂದರೆ ಗೋಡೆಯೊಳಗೇ ಇರಬೇಕೆಂದು ಹಟ ಹಿಡಿದನು. ಫ್ರಾನ್ಸಿಸನು ತನ್ನ ವಾದವನ್ನು ಮಂಡಿಸಿದನು, ಕೊನೆಗೆ ಸೋತನು, ಸಂಘಕ್ಕೆ ಗೋಡೆ ಬಂದಿತು. ಇದು ಸೌಮ್ಯತೆಯೋ ದೌರ್ಬಲ್ಯವೋ ಎಂದು ಇಂದಿಗೂ ಚರ್ಚಿಸುವವರಿದ್ದಾರೆ. ತಂದೆಯೆದುರು ಕೂದಲೆಳೆಯಷ್ಟೂ ಕದಲದವನು ಇಲ್ಲಿ ಕದಲಿದನಲ್ಲ ಎಂಬ ಖೇದ ನನಗೂ ಇದೆ. ಆ ಬಡವರ ಮನೆಗಳ ಬಾಗಿಲು ಬಡಿಯುವವರು ಆಮೇಲೆ ಆ ಸಂಘದಿಂದ ಬರಲಿಲ್ಲ. ಸಂಘವು ಮಾತ್ರ ಬೆಳೆಯಿತು. ಆತನ ಮರಣಕಾಲಕ್ಕೆ 13 ಮಠಗಳಿದ್ದವು, 1641ರಲ್ಲಿ ಜೇನಳು ತೀರಿಕೊಳ್ಳುವ ಹೊತ್ತಿಗೆ ಅವು 80ನ್ನು ಮೀರಿದ್ದವು. ಆನ್ಸಿಯಲ್ಲಿಯೇ 1838ರಲ್ಲಿ ಈ ಸಂತನ ಹೆಸರಿನ ಪಾದ್ರಿಗಳ ಸಭೆಯೊಂದು ಹುಟ್ಟಿ, ಕೆಲವೇ ವರ್ಷಗಳಲ್ಲಿ ಅದರವರು ವಿಶಾಖಪಟ್ಟಣಕ್ಕೆ ಬಂದಿಳಿದರು, ಬೆಂಗಳೂರಿನಲ್ಲಿ ಎಸ್.ಎಫ್.ಎಸ್. ಎಂಬ ಮೂರು ಅಕ್ಷರಗಳನ್ನು ಹೊತ್ತ ಕಾಲೇಜನ್ನು ಕಂಡವರಿಗೆ ಅವು ಯಾರ ಹೆಸರೆಂಬುದು ಈಗ ತಿಳಿದಿರಬಹುದು.

1622ರ ಚಳಿಗಾಲದಲ್ಲಿ ಸವಾಯ್ ರಾಜಪರಿವಾರದ ಜೊತೆಯಲ್ಲಿ ಆತನು ಫ್ರಾನ್ಸಿಗೆ ಪ್ರಯಾಣ ಮಾಡಬೇಕಾಯಿತು. ದೇಹವು ಆಗಲೇ ಸವೆದಿತ್ತು. ಲಿಯಾನ್ ನಗರದಲ್ಲಿ ಒಳ್ಳೆಯ ಬಿಡಾರಗಳು ದೊರೆಯುತ್ತಿದ್ದರೂ, ತನ್ನ ಸಂಘದ ಮಠದ ತೋಟಗಾರನ ಸಣ್ಣ ಮನೆಯಲ್ಲಿ ಇಳಿದುಕೊಂಡನು. ಡಿಸೆಂಬರ್ 27ರಂದು ಪಾರ್ಶ್ವವಾಯು ಬಡಿಯಿತು. ಅಂದಿನ ವೈದ್ಯರು ಪ್ರಜ್ಞೆಯನ್ನು ಮರಳಿಸಲೆಂದು ತಲೆಗೆ ಕಾದ ಕಬ್ಬಿಣದ ಬರೆ ಹಾಕಿದರು. ಕಣ್ಣೀರು ಬಂದಿತು; ದೂರು ಬರಲಿಲ್ಲ. ಮರುದಿನ ಸಂಜೆ ಆತನು ತೀರಿಕೊಂಡನು, ವಯಸ್ಸು 55. 1665ರಲ್ಲಿ ಸಂತ ಪದವಿಯೂ 1877ರಲ್ಲಿ ಧರ್ಮಸಭೆಯ ಆಚಾರ್ಯನೆಂಬ ಬಿರುದೂ ಆತನಿಗೆ ಸಂದವು.

ಹೃದಯವನ್ನು ಲಿಯಾನಿನವರು ತಮ್ಮಲ್ಲಿ ಉಳಿಸಿಕೊಂಡು ದೇಹವನ್ನು ಆನ್ಸಿಗೆ ಕಳುಹಿಸಿಕೊಟ್ಟರು. ಹಾಗೆ ಕಳುಹಿಸುವ ಮುನ್ನ ಶರೀರವನ್ನು ಕೆಡದಂತೆ ಸಿದ್ಧಪಡಿಸಲು ತೆರೆದಾಗ ವೈದ್ಯರಿಗೆ ಪಿತ್ತಕೋಶದಲ್ಲಿ ಪಿತ್ತರಸವಿದ್ದಂತೆ ತೋರಲಿಲ್ಲ. ಅದರ ತುಂಬ ಗಟ್ಟಿಯಾದ ಸಣ್ಣ ಸಣ್ಣ ಹರಳುಗಳಿದ್ದವು. ಕೋಪವು ಪಿತ್ತದಲ್ಲಿರುತ್ತದೆಂದು ನಂಬಿದ್ದ ಕಾಲವದು. ಇಷ್ಟು ವರ್ಷ ನುಂಗಿದ ಕೋಪವೇ ಹೀಗೆ ಕಲ್ಲಾಯಿತೆಂದು ಅವರು ತಮ್ಮತಮ್ಮಲ್ಲಿ ಮಾತನಾಡಿಕೊಂಡರು. ಇಂದಿನ ವೈದ್ಯರು ಅದಕ್ಕೆ ಬೇರೆ ಕಾರಣವನ್ನು ಹೇಳುತ್ತಾರೆ. ಅಂದು ಅಲ್ಲಿ ನೆರೆದಿದ್ದವರು ಮಾತ್ರ ಆ ಹರಳುಗಳನ್ನು ಒಂದೊಂದಾಗಿ ಆರಿಸಿಕೊಂಡು, ಪೂಜ್ಯವಸ್ತುಗಳೆಂದು ಮನೆಗೆ ಒಯ್ದರು.